ಮುಳ್ಳುತಂತಿ ಬೇಲಿ ಬಿಗಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಲ, ತೋಟಕ್ಕೆ ಬೇಲಿ ಹಾಕುವವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ, ಕಮೆಂಟಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ. "ಯಾವ ಮೆಷಿನ್ ತಗೊಳ್ಳಲಿ?" ಅಂತಲೇ ಹೆಚ್ಚಿನವರು ಶುರು ಮಾಡುತ್ತಾರೆ. ನಾನು ಮಾತ್ರ ಮೊದಲು ಮೂಲೆ ಕಂಬದ ಬಗ್ಗೆ ಕೇಳುತ್ತೇನೆ. ಯಾಕೆ ಅನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ.

## ಮೊದಲು ತಿಳಿಯಬೇಕಾದ್ದು

"ಮುಳ್ಳು ಹೇಗೂ ಇದೆಯಲ್ಲ, ತಂತಿ ಸ್ವಲ್ಪ ಜೋಲು ಬಿದ್ರೆ ಏನಾಗುತ್ತೆ?"

ದನ, ಎಮ್ಮೆ ಬೇಲಿಯನ್ನು ಮೊದಲು ಕತ್ತಿನಿಂದ ಒತ್ತಿ ನೋಡುತ್ತವೆ. ತಂತಿ ಬಿಗಿ ಇದ್ದರೆ ಮುಳ್ಳು ಚುಚ್ಚುತ್ತದೆ, ಹಿಂದೆ ಸರಿಯುತ್ತವೆ. ಜೋಲು ತಂತಿ ಅವುಗಳ ಜೊತೆಗೇ ಸರಿಯುತ್ತದೆ. ಎರಡು ಸಾಲಿನ ನಡುವೆ ತಲೆ ತೂರುತ್ತದೆ, ಹಿಂದೆಯೇ ಮೈ ತೂರುತ್ತದೆ. ಇನ್ನೊಂದು ತೊಂದರೆಯೂ ಇದೆ. ಜೋಲು ತಂತಿ ಕಾಲಿಗೆ, ಕೊಂಬಿಗೆ ಸುತ್ತಿಕೊಳ್ಳುತ್ತದೆ. ಹೆದರಿದ ಪ್ರಾಣಿ ಎಳೆದಾಡಿದಷ್ಟೂ ಗಾಯ ಆಳವಾಗುತ್ತದೆ. ನಾಯಿ, ನವಿಲು, ಜಿಂಕೆಗೂ ಇದೇ ಗತಿ. ಹಾಗಾಗಿ ಬಿಗಿ ತಂತಿ ಬೆಳೆಗೂ ಒಳ್ಳೆಯದು, ಪ್ರಾಣಿಗೂ ಒಳ್ಳೆಯದು.

"ಎಷ್ಟು ಬಿಗಿ ಮಾಡಬೇಕು? ತಟ್ಟಿದ್ರೆ ಟಣ್ ಅನ್ಬೇಕು ಅಂತಾರೆ, ನಿಜಾನಾ?"

ಟಣ್ ಅನ್ನಬೇಕಿಲ್ಲ. 2.5 ಮಿ.ಮೀ. ದಪ್ಪದ ಎರಡೆಳೆ ಮುಳ್ಳುತಂತಿಗೆ ಸುಮಾರು 100 ಕೆಜಿ ಎಳೆತ ಸಾಕು. ಅದೇ ತಂತಿ 400 ಕೆಜಿ ಆಸುಪಾಸಿನ ಎಳೆತಕ್ಕೆ ತುಂಡಾಗಬಹುದು. ಅದಕ್ಕೂ ಮೊದಲೇ ಹುರಿ ಸಡಿಲವಾಗಿ ಮುಳ್ಳುಗಳು ಜರುಗಲು ಶುರುವಾಗುತ್ತವೆ.

ಎಳೆತ ಅಳೆಯುವ ಸಾಧನ ನಮ್ಮಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಕಂಬಗಳ ನಡುವೆ 3 ಮೀಟರ್ (10 ಅಡಿ) ಅಂತರ ಇದೆ ಅಂದುಕೊಳ್ಳಿ. ತಂತಿ ನಡುವಿನ ಕಂಬಗಳಲ್ಲಿ ಸಡಿಲ ಉಂಗುರದ ಮೇಲೆ ತೂಗುತ್ತಿರುವಾಗಲೇ, ಅದನ್ನು ಕಟ್ಟುವ ಮೊದಲು, ಎರಡು ಕಂಬಗಳ ಸರಿ ಮಧ್ಯದಲ್ಲಿ 5 ಲೀಟರ್ ನೀರು ತುಂಬಿದ ಕ್ಯಾನ್ ನೇತು ಹಾಕಿ. ಅಲ್ಲಿ ತಂತಿ 4 ಸೆಂ.ಮೀ. ಹತ್ತಿರ ಇಳಿದರೆ ಎಳೆತ ಸರಿಯಾಗಿದೆ. 8 ಸೆಂ.ಮೀ. ಇಳಿದರೆ ಅರ್ಧದಷ್ಟೇ ಬಿಗಿ ಬಂದಿದೆ. 2 ಸೆಂ.ಮೀ. ಕೂಡ ಇಳಿಯದಿದ್ದರೆ ಜಾಸ್ತಿ ಎಳೆದಿದ್ದೀರಿ, ಸ್ವಲ್ಪ ಬಿಡಿ. ಒಂದೆರಡು ಸಲ ಹೀಗೆ ನೋಡಿದರೆ ಆಮೇಲೆ ಕೈಯಲ್ಲಿ ಒತ್ತಿದರೇ ಅಂದಾಜು ಸಿಗುತ್ತದೆ.

"12 ಗೇಜ್ ತಗೊಳ್ಳೋದಾ 14 ಗೇಜಾ? ಒಂದು ಎಕರೆಗೆ ಎಷ್ಟು ಕೆಜಿ ಬೇಕು?"

ಗೇಜ್ ಸಂಖ್ಯೆ ಹೆಚ್ಚಾದಷ್ಟು ತಂತಿ ತೆಳು. 12 ಗೇಜ್ ಸುಮಾರು 2.6 ಮಿ.ಮೀ., 14 ಗೇಜ್ ಸುಮಾರು 2 ಮಿ.ಮೀ. ಅಂಗಡಿಯವರು 2.5 ಮಿ.ಮೀ. ತಂತಿಯನ್ನೂ 12 ಗೇಜ್ ಅಂತಲೇ ಕೊಡುತ್ತಾರೆ. ಜಾನುವಾರು ತಡೆಯುವ ಬೇಲಿಗೆ ನನ್ನ ಆಯ್ಕೆ 12. ತೆಳು ತಂತಿ ಕೆಜಿಗೆ ಹೆಚ್ಚು ಉದ್ದ ಬರುತ್ತದೆ ನಿಜ. ಆದರೆ ಅದನ್ನು ಅಷ್ಟೇ ಜೋರಾಗಿ ಎಳೆಯಲು ಬರುವುದಿಲ್ಲ, ತುಕ್ಕಿಗೂ ಬೇಗ ಬಲಿಯಾಗುತ್ತದೆ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಬೇಲಿ ಕೆಲಸದ ವಿವರಣೆಯಲ್ಲಿ 100 ಮೀಟರ್ ತಂತಿಗೆ ಕನಿಷ್ಠ 9.38 ಕೆಜಿ ತೂಕ ಇರಬೇಕು ಎಂದಿದೆ. ಚೌಕಾಕಾರದ ಒಂದು ಎಕರೆ ಜಮೀನಿನ ಸುತ್ತಳತೆ ಸುಮಾರು 255 ಮೀಟರ್. ಐದು ಸಾಲು ಹಾಕಿದರೆ 1,275 ಮೀಟರ್, ಅಂದರೆ 120 ಕೆಜಿ. ಗಂಟು, ಸುತ್ತು, ತುಂಡು ಎಲ್ಲ ಸೇರಿ ಇನ್ನೊಂದು 5 ಕೆಜಿ ಇಟ್ಟುಕೊಳ್ಳಿ. ಜಮೀನು ಉದ್ದವಾಗಿ ಕಿರಿದಾಗಿದ್ದರೆ ಸುತ್ತಳತೆ ಇನ್ನೂ ಜಾಸ್ತಿಯಾಗುತ್ತದೆ. ಟೇಪ್ ಹಿಡಿದು ಅಳೆದೇ ಅಂಗಡಿಗೆ ಹೋಗಿ. ಐ.ಎಸ್. 278 ಗುರುತು ಇರುವ ತಂತಿ ಕೇಳಿ, ಅದು ಸತುವಿನ ಲೇಪದ ಮುಳ್ಳುತಂತಿಗೆ ಇರುವ ಭಾರತೀಯ ಮಾನಕ.

"ತಂತಿ ಎಳೆದ ಕೂಡ್ಲೇ ಮೂಲೆ ಕಲ್ಲು ಒಳಗಡೆ ವಾಲಿತು. ಏನು ಮಾಡ್ಲಿ?"

ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಮುಕ್ಕಾಲು ಬೇಲಿ ಗೆದ್ದಂತೆ. ಲೆಕ್ಕ ನೋಡಿ. ಐದು ಸಾಲು, ಸಾಲಿಗೆ 100 ಕೆಜಿ. ಮೂಲೆ ಕಲ್ಲಿನ ಮೇಲೆ ಒಂದು ದಿಕ್ಕಿನಿಂದಲೇ 500 ಕೆಜಿ ಎಳೆತ. ಎರಡನೇ ದಿಕ್ಕಿನಿಂದ ಮತ್ತೆ 500. ಈ ಭಾರ ವರ್ಷಗಟ್ಟಲೆ ಹಗಲೂ ರಾತ್ರಿ ಇರುತ್ತದೆ. ಒಂದೂವರೆ ಅಡಿ ಗುಂಡಿಯಲ್ಲಿ ನಿಂತ ಕಲ್ಲು ಅದನ್ನು ತಡೆಯಲಾರದು. ಆಗ ಎಷ್ಟು ಒಳ್ಳೆಯ ಸಾಧನ ತಂದರೂ ನೀವು ತಂತಿ ಬಿಗಿ ಮಾಡುತ್ತಿಲ್ಲ, ಕಲ್ಲು ಕೀಳುತ್ತಿದ್ದೀರಿ.

ಮೂಲೆ ಮತ್ತು ಕೊನೆಯ ಕಲ್ಲು ಬೇರೆಯವುಗಳಿಗಿಂತ ದಪ್ಪ ಇರಲಿ, ಎರಡೂವರೆಯಿಂದ 3 ಅಡಿ ಆಳಕ್ಕೆ ಹೋಗಲಿ. ಸುತ್ತ ಕಾಂಕ್ರೀಟ್ ಹಾಕಿ. ಹಾಕಲು ಆಗದಿದ್ದರೆ ದಪ್ಪ ಜಲ್ಲಿ, ಕಲ್ಲುಚೂರು ಹಾಕಿ ಅರ್ಧ ಅಡಿಗೊಮ್ಮೆ ಹಾರೆಯಿಂದ ಗುದ್ದಿ. ಆಮೇಲೆ ಸಪೋರ್ಟ್ ಕಲ್ಲು. ಇದು ತಂತಿ ಹೋಗುವ ದಿಕ್ಕಿನಲ್ಲೇ, ಬೇಲಿಯ ಸಾಲಿನಲ್ಲೇ ಓರೆಯಾಗಿ ನಿಲ್ಲಬೇಕು. ಮೇಲಿನ ತುದಿ ಮೂಲೆ ಕಲ್ಲಿನ ಮೂರನೇ ಎರಡು ಭಾಗದ ಎತ್ತರಕ್ಕೆ ಒರಗಲಿ. ಕೆಳಗಿನ ತುದಿ ನೆಲದಲ್ಲಿ ಹೂತ ಚಪ್ಪಡಿಗೆ ಆನಿಕೊಂಡಿರಲಿ. ಮೂಲೆಗೆ ಎರಡು ದಿಕ್ಕಿಗೆ ಎರಡು ಸಪೋರ್ಟ್ ಬೇಕೇ ಬೇಕು. ಸಾಲಿನ ನಡುವೆಯೂ ಹದಿನೈದು ಕಂಬಕ್ಕೊಮ್ಮೆ ಎರಡೂ ಕಡೆ ಸಪೋರ್ಟ್ ಕೊಡುವುದು ಸರ್ಕಾರಿ ಕೆಲಸಗಳ ಪದ್ಧತಿ. ಖರ್ಚು ಉಳಿಸಬೇಕು ಅಂದರೆ ಬೇರೆ ಎಲ್ಲಾದರೂ ಉಳಿಸಿ. ಇಲ್ಲಿ ಬೇಡ.

ಒಂದು ಎಚ್ಚರಿಕೆ: ಸರ್ವೆ ಇಲಾಖೆಯ ಬಾಂದು ಕಲ್ಲನ್ನು ಮೂಲೆ ಕಂಬ ಮಾಡಿಕೊಂಡು ತಂತಿ ಎಳೆಯಬೇಡಿ. ಅದು ಜರುಗಿದರೆ ಹದ್ದುಬಸ್ತಿನ ಜಗಳ ಶುರುವಾಗುತ್ತದೆ.

## ಸಾಧನಗಳ ಆಯ್ಕೆ

"ನಮ್ಮಪ್ಪ ಬರೀ ಹಾರೆಯಲ್ಲೇ ಎಳೀತಿದ್ರು. ಅದು ಸಾಕಲ್ವಾ?"

ಸಣ್ಣ ಬೇಲಿಗೆ ಸಾಕು. ತಂತಿಯನ್ನು ಕೊನೆಯ ಕಂಬದ ಪಕ್ಕದಿಂದ ಆಚೆ ತಂದು ಹಾರೆಗೆ ಸುತ್ತುತ್ತಾರೆ. ಹಾರೆಯ ತುದಿಯನ್ನು ಕಂಬದ ಹಿಂಬದಿಗೆ ಆನಿಸಿ ಇನ್ನೊಂದು ತುದಿಯನ್ನು ದೂಡುತ್ತಾರೆ. ತಂತಿ ಸುತ್ತಿದ ಜಾಗ ತುದಿಯಿಂದ ಅರ್ಧ ಅಡಿ, ಕೈ ಹಿಡಿದದ್ದು ತುದಿಯಿಂದ 4 ಅಡಿ ಅಂದರೆ ನಿಮ್ಮ ಬಲ ಎಂಟು ಪಟ್ಟಾಗುತ್ತದೆ. 15 ಕೆಜಿ ಬಲ ಹಾಕಿದರೆ ತಂತಿಗೆ 120 ಕೆಜಿ. ಅಂದರೆ ಬಲದ ಕೊರತೆ ಇಲ್ಲ.

ಕೊರತೆ ಇರುವುದು ಬೇರೆ ಎರಡು ಕಡೆ. ಒಂದು ಸಲಕ್ಕೆ ಕೆಲವೇ ಇಂಚು ತಂತಿ ಬರುತ್ತದೆ. ಬಂದದ್ದನ್ನು ಕಟ್ಟುವ ತನಕ ಒಬ್ಬರು ಹಾರೆ ಬಿಡದೆ ಹಿಡಿದಿರಬೇಕು. ಅವರ ಕೈ ಜಾರಿದರೆ ಹಾರೆ ಸಿಡಿಯುತ್ತದೆ. ಎರಡು ಕಂಬದ ನಡುವಿನ ರಿಪೇರಿಗೆ, ಮನೆ ಹಿತ್ತಲ ಬೇಲಿಗೆ ಹಾರೆ ಇರಲಿ. 50 ಮೀಟರ್ ದಾಟಿದ ಸಾಲಿಗೆ ಬಂದ ತಂತಿಯನ್ನು ತಾನೇ ಹಿಡಿದಿಟ್ಟುಕೊಳ್ಳುವ ಸಾಧನ ಬೇಕು.

"ಹಾರ್ಡ್‌ವೇರ್ ಅಂಗಡಿಯಲ್ಲಿ 2 ಟನ್ ರ್‍ಯಾಚೆಟ್ ಪುಲ್ಲರ್ ತೋರಿಸ್ತಾರೆ. ತಗೊಳ್ಳಬಹುದಾ?"

ತಗೊಳ್ಳಬಹುದು. ಒಂದು ಹಿಡಿ, ಹಲ್ಲಿನ ಚಕ್ರ, ಉಕ್ಕಿನ ಹಗ್ಗ, ಎರಡು ಕೊಕ್ಕೆ ಇರುವ ಸಾಧನ ಅದು. ಹಿಡಿಯನ್ನು ಹಿಂದೆ ಮುಂದೆ ಆಡಿಸಿದಂತೆ ಹಗ್ಗ ಸುತ್ತಿಕೊಳ್ಳುತ್ತದೆ, ಹಲ್ಲು ಹಿಡಿದಿಡುತ್ತದೆ. ಒಬ್ಬರೇ ಕೆಲಸ ಮಾಡಬಹುದು. ತೊಂದರೆ ಎಂದರೆ ಅದರ ಬಲವೇ. 400 ಕೆಜಿಗೆ ತುಂಡಾಗುವ ತಂತಿಗೆ 2,000 ಕೆಜಿ ಎಳೆಯುವ ಸಾಧನ ಕಟ್ಟಿದ್ದೀರಿ. ಕೈಗೆ ಭಾರವೇ ಗೊತ್ತಾಗುವುದಿಲ್ಲ. ಹಾಗಾಗಿ ಕೊನೆಯಲ್ಲಿ ಒಂದೊಂದೇ ಹಲ್ಲು ಎಳೆಯಿರಿ, ನಿಲ್ಲಿಸಿ ನೋಡಿ. ಹಿಡಿಗೆ ಪೈಪ್ ಸಿಕ್ಕಿಸಿ ಉದ್ದ ಮಾಡುವುದು ಬೇಡವೇ ಬೇಡ.

ಕೊಳ್ಳುವಾಗ ಒಂದನ್ನು ಪರೀಕ್ಷಿಸಿ. ಭಾರ ಇರುವಾಗಲೇ ಒಂದೊಂದೇ ಹಲ್ಲು ಹಿಂದಕ್ಕೆ ಬಿಡಲು ಬರಬೇಕು. ಒಮ್ಮೆಲೇ ಪೂರ್ತಿ ಬಿಟ್ಟುಬಿಡುವ ಅಗ್ಗದ ಸಾಧನ ಬೇಲಿ ಕೆಲಸಕ್ಕೆ ಅಪಾಯ.

"ಚೈನ್ ಸ್ಟ್ರೈನರ್ ಅಂದ್ರೆ ಏನು? ಪುಲ್ಲರ್‌ಗಿಂತ ಮೇಲಾ?"

ಉದ್ದನೆಯ ಸರಪಳಿ, ಅದರ ಮೇಲೆ ಹಿಡಿಯಿಂದ ಒಂದೊಂದೇ ಕೊಂಡಿ ನಡೆಯುವ ಭಾಗ, ತಂತಿ ಕಚ್ಚುವ ಎರಡು ದವಡೆ. ಇಷ್ಟೇ. ಬೇಲಿಗೆಂದೇ ಮಾಡಿದ ಸಾಧನ. ಕುರಿ ಸಾಕಣೆಯ ನಾಡಾದ ನ್ಯೂಜಿಲೆಂಡಿನಲ್ಲಿ ಅರ್ನೆಸ್ಟ್ ಹೇಸ್ ಎಂಬುವರು ರೂಪಿಸಿದ ಸ್ಟ್ರೈನರ್ ತುಂಬಾ ಹೆಸರಾಯಿತು. ಅದರ ದೊಡ್ಡ ಗುಣ ಎಂದರೆ ಎರಡು ತಂತಿ ತುದಿಗಳನ್ನು ಸಾಲಿನ ನಡುವೆಯೇ ಹತ್ತಿರಕ್ಕೆ ಎಳೆಯಬಹುದು. ಮಧ್ಯದಲ್ಲಿ ತುಂಡಾದ ತಂತಿಯ ರಿಪೇರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ದೊಡ್ಡ ತೋಟ, ಎಸ್ಟೇಟ್ ಇದ್ದು ವರ್ಷವಿಡೀ ಬೇಲಿ ಕೆಲಸ ಇರುವವರು ಇದಕ್ಕೆ ದುಡ್ಡು ಹಾಕಲಿ. ಎರಡು ಎಕರೆಯವರಿಗೆ ಪುಲ್ಲರ್ ಸಾಕು, ಬೇರೆ ಕೆಲಸಕ್ಕೂ ಆಗುತ್ತದೆ.

"ಪುಲ್ಲರ್ ಇದೆ, ಆದ್ರೆ ತಂತಿ ಹಿಡಿಯೋದು ಹೇಗೆ? ಜಾರ್ತಾನೇ ಇರುತ್ತೆ."

ಸಾದಾ ತಂತಿಗೆ ಮಾಡಿದ ನುಣುಪು ದವಡೆ ಹುರಿ ತಂತಿಯ ಮೇಲೆ ಜಾರುವುದು ಸಹಜ. ಮುಳ್ಳಿನ ಗಂಟನ್ನೇ ಉಪಯೋಗಿಸಿಕೊಳ್ಳಿ. ದವಡೆ ಎರಡು ಮುಳ್ಳಿನ ನಡುವೆ ಕೂತು, ಎಳೆಯುವಾಗ ಮುಳ್ಳಿನ ಗಂಟಿಗೆ ತಾಗಿ ನಿಲ್ಲುವ ಹಾಗೆ ಹಾಕಿ. ಮುಳ್ಳುಗಳ ಅಂತರ ಸಾಮಾನ್ಯವಾಗಿ 75 ಅಥವಾ 150 ಮಿ.ಮೀ. ಅದಕ್ಕಿಂತ ಉದ್ದದ ದವಡೆ ಸರಿಯಾಗಿ ಕೂರುವುದಿಲ್ಲ.

ಬೇಲಿ ದವಡೆ ಸಿಗದಿದ್ದರೆ ಲೈನ್‌ಮನ್‌ಗಳು ಬಳಸುವ ತಂತಿ ಹಿಡಿಯುವ ಕ್ಲ್ಯಾಂಪ್ ಚೆನ್ನಾಗಿ ಹಿಡಿಯುತ್ತದೆ, ಎಳೆದಷ್ಟೂ ಬಿಗಿಯಾಗುತ್ತದೆ. ಅದೂ ಇಲ್ಲವಾದರೆ ತಂತಿಯ ತುದಿಯನ್ನು ಮಡಿಸಿ ದೊಡ್ಡ ಕುಣಿಕೆ ಮಾಡಿ, ಅದಕ್ಕೆ ಕೊಕ್ಕೆ ಹಾಕಿ. ಕುಣಿಕೆ ಕಟ್ಟಲು ಒಂದೂವರೆ ಅಡಿ ತಂತಿ ಹೆಚ್ಚು ಹೋಗುತ್ತದೆ, ಹೋಗಲಿ. ಚೂಪು ಹಲ್ಲಿನ ದವಡೆ ಬಳಸಿದರೆ ಸತುವಿನ ಲೇಪ ಕಿತ್ತುಬರುತ್ತದೆ, ಆ ಜಾಗದಿಂದಲೇ ತುಕ್ಕು ಶುರು. ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಯಲ್ಲಿ ಇದು ಬೇಗ ಕಾಣುತ್ತದೆ.

"ಟರ್ನ್ ಬಕಲ್ ಹಾಕ್ಲಾ, ಅಥವಾ ಬೇಲಿಯಲ್ಲೇ ಉಳಿಯೋ ರ್‍ಯಾಚೆಟ್ ಹಾಕ್ಲಾ?"

ಇವೆರಡೂ ತಂತಿಯಲ್ಲೇ ಉಳಿಯುತ್ತವೆ. ಸಡಿಲವಾದಾಗ ಮತ್ತೆ ತಿರುಗಿಸಬಹುದು. ಟರ್ನ್ ಬಕಲ್ ಅಂದರೆ ನಡುವಿನ ಚೌಕಟ್ಟು ತಿರುಗಿಸಿದಂತೆ ಎರಡು ಕಡೆಯ ತಿರುಪು ಒಳಗೆ ಬರುವ ಸಾಧನ, ಅದು ಕೆಲವೇ ಇಂಚು ಎಳೆಯುತ್ತದೆ. ಆದ್ದರಿಂದ ಮೊದಲು ಪುಲ್ಲರಿನಲ್ಲಿ ಎಳೆದು, ಟರ್ನ್ ಬಕಲ್ ಅನ್ನು ಪೂರ್ತಿ ಬಿಚ್ಚಿದ ಸ್ಥಿತಿಯಲ್ಲಿ ಸೇರಿಸಿ, ಕೊನೆಯ ಬಿಗಿಗೆ ಮಾತ್ರ ಅದನ್ನು ಬಳಸಿ. ತಿರುಪಿನ ಮರೆಗೆ ಗ್ರೀಸ್ ಹಚ್ಚದಿದ್ದರೆ ಎರಡು ಮಳೆಗಾಲದಲ್ಲಿ ಹಿಡಿದುಕೊಳ್ಳುತ್ತದೆ. ರ್‍ಯಾಚೆಟ್ ಹೆಚ್ಚು ಉದ್ದ ಸುತ್ತುತ್ತದೆ. ಆದರೆ ಅದರ ಸಣ್ಣ ಉರುಳೆಗೆ ಮುಳ್ಳುತಂತಿ ಸರಿಯಾಗಿ ಸುತ್ತುವುದಿಲ್ಲ. ರ್‍ಯಾಚೆಟ್ ಹತ್ತಿರದ ಎರಡು ಮೂರು ಅಡಿಗೆ ಸಾದಾ ಜಿ.ಐ. (ಸತು ಲೇಪದ) ತಂತಿ ಜೋಡಿಸಿ ಅದನ್ನು ಸುತ್ತಿಸಿ.

"ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದ್ರೆ ಬೇಗ ಆಗುತ್ತಲ್ಲ?"

ಬೇಡ. ಕ್ಲಚ್ ಬಿಟ್ಟ ಒಂದು ಗಳಿಗೆಯಲ್ಲಿ ಎಳೆತ ಎಷ್ಟಾಯಿತು ಅಂತ ಚಾಲಕನಿಗೆ ತಿಳಿಯುವುದಿಲ್ಲ. ತಂತಿ ತುಂಡಾದರೆ ಮುಳ್ಳಿನ ಸಮೇತ ವಾಪಸ್ ಬೀಸುತ್ತದೆ. ಕಣ್ಣು ಹೋದ ಮೇಲೆ ಉಳಿಸಿದ ಸಮಯ ಯಾವ ಲೆಕ್ಕಕ್ಕೆ? ಬಂಡಲ್ ಸಾಗಿಸಲು, ಬಿಚ್ಚಲು ಟ್ರ್ಯಾಕ್ಟರ್ ಬಳಸಿ. ಎಳೆತಕ್ಕೆ ಕೈ ಸಾಧನವೇ ಸರಿ.

"ಕೈಗೆ, ಕಣ್ಣಿಗೆ ಏನೇನು ಬೇಕು?"

ದಪ್ಪ ಚರ್ಮದ ಗ್ಲೌಸ್, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಅಂಗಿ, ಬೂಟು. ಬಟ್ಟೆ ಗ್ಲೌಸ್ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ, ಉಪಯೋಗವಿಲ್ಲ. ತಂತಿಯನ್ನು ಕೈಗೆ ಸುತ್ತಿ ಎಳೆಯಬೇಡಿ. ಎಳೆಯುವಾಗ ಕಂಬವನ್ನು ನಿಮ್ಮ ಮತ್ತು ತಂತಿಯ ನಡುವೆ ಇಟ್ಟುಕೊಳ್ಳಿ, ಬೇರೆಯವರನ್ನು ಸಾಲಿನಿಂದ ದೂರ ನಿಲ್ಲಿಸಿ. ಟಿಟಿ ಇಂಜೆಕ್ಷನ್ ಆಗಿದೆಯಾ ಅಂತ ಕೂಲಿಗೆ ಬಂದವರನ್ನೂ ಕೇಳಿ. ಅವರ ಗ್ಲೌಸ್ ಖರ್ಚು ನಿಮ್ಮದೇ ಇರಲಿ.

## ಕೆಲಸದ ಕ್ರಮ

"ಬಂಡಲ್ ಬಿಚ್ಚೋವಾಗ ತಂತಿ ಗಂಟು ಗಂಟಾಗುತ್ತೆ, ಯಾಕೆ?"

ಬಂಡಲನ್ನು ನೆಲದಲ್ಲಿಟ್ಟು ಪಕ್ಕದಿಂದ ಎಳೆಯುತ್ತಿದ್ದೀರಿ. ಒಂದೊಂದು ಸುತ್ತಿಗೂ ತಂತಿ ಒಮ್ಮೆ ತಿರುಚಿಕೊಳ್ಳುತ್ತದೆ. ಬಂಡಲಿನ ನಡುವೆ ಹಾರೆ ತೂರಿಸಿ, ಇಬ್ಬರು ಎರಡು ಕಡೆ ಹಿಡಿದು ನಡೆಯುತ್ತಾ ಬಿಚ್ಚಿ. ಅದು ತಾನೇ ಉರುಳಬೇಕು. ಮಡಿಕೆ ಬಿದ್ದ ಜಾಗವನ್ನು ಎಳೆಯುವ ಮೊದಲೇ ಕೈಯಲ್ಲಿ ಬಿಡಿಸಿ, ಎಳೆದರೆ ಅಲ್ಲೇ ತುಂಡಾಗುತ್ತದೆ.

"ಯಾವ ಸಾಲು ಮೊದಲು ಎಳೀಬೇಕು? ಐದನೇದು ಎಳೆಯೋ ಹೊತ್ತಿಗೆ ಮೊದಲನೇದು ಸಡಿಲ ಆಗಿರುತ್ತೆ."

ಪ್ರತಿ ಸಾಲು ಎಳೆದಾಗಲೂ ಕಂಬ ಒಂದು ಕೂದಲೆಳೆ ವಾಲುತ್ತದೆ, ಅದಕ್ಕೇ ಹೀಗೆ. ಎಲ್ಲ ಸಾಲನ್ನೂ ಮೊದಲು ಅರ್ಧ ಬಿಗಿಗೆ ತನ್ನಿ. ಆಮೇಲೆ ಎರಡನೇ ಸುತ್ತಿನಲ್ಲಿ ಪೂರ್ತಿ ಬಿಗಿ ಮಾಡಿ. ಹೀಗೆ ಮಾಡಿದರೆ ಯಾವ ಸಾಲಿನಿಂದ ಶುರು ಮಾಡಿದರೂ ನಡೆಯುತ್ತದೆ. ನಾನು ಮೇಲಿನ ಸಾಲಿನಿಂದ ಶುರು ಮಾಡಲು ಹೇಳುತ್ತೇನೆ, ಕಂಬ ವಾಲುವುದಾದರೆ ಅಲ್ಲೇ ಮೊದಲು ಗೊತ್ತಾಗುತ್ತದೆ. ಅದು ಗೊತ್ತಾದರೆ ಉಳಿದ ನಾಲ್ಕು ಸಾಲು ಎಳೆಯುವ ಮೊದಲೇ ಸಪೋರ್ಟ್ ಸರಿ ಮಾಡಬಹುದು.

"ಒಂದೇ ಸಲಕ್ಕೆ ಎಷ್ಟು ಉದ್ದ ಎಳೀಬಹುದು?"

ನೇರ ಸಾಲಾದರೆ 100 ಮೀಟರ್ ತನಕ. ಆದರೆ ತಂತಿಯನ್ನು ಕಂಬದ ತೂತಿನಲ್ಲಿ ಪೋಣಿಸಿ ಎಳೆಯಬೇಡಿ, ಮುಳ್ಳು ಪ್ರತಿ ತೂತಿನಲ್ಲೂ ಸಿಕ್ಕುತ್ತದೆ. ಎಳೆಯುವ ಕಡೆ ಬಿಗಿ, ದೂರದ ಕಡೆ ಜೋಲು ಆಗುತ್ತದೆ. ಪ್ರತಿ ಕಂಬಕ್ಕೂ ಬೈಂಡಿಂಗ್ ವೈರಿನ ಸಡಿಲ ಉಂಗುರ ಹಾಕಿ ತಂತಿಯನ್ನು ಅದರಲ್ಲಿ ತೂಗಿಸಿ. ಎಳೆಯುವಾಗ ಒಬ್ಬರು ಸಾಲಿನುದ್ದಕ್ಕೂ ನಡೆದು ಕೋಲಿನಿಂದ ತಟ್ಟುತ್ತಾ ಹೋದರೆ ಸಿಕ್ಕಿದ್ದು ಬಿಡುತ್ತದೆ. ಸಾಲು ತಿರುಗಿದ ಕಡೆ ಅದನ್ನು ಮೂಲೆ ಅಂತಲೇ ಲೆಕ್ಕ ಹಾಕಿ, ಅಲ್ಲಿಗೆ ತಂತಿ ಮುಗಿಸಿ ಹೊಸದಾಗಿ ಶುರು ಮಾಡಿ.

"ಕಂಬಕ್ಕೆ ಕಟ್ಟೋದು ಗಟ್ಟಿಯಾಗಿರಬೇಕಾ ಸಡಿಲ ಇರಬೇಕಾ?"

ಕೊನೆಯ ಕಂಬದಲ್ಲಿ ಗಟ್ಟಿ. ಕಂಬ ಬಳಸಿ ಬಂದ ತುದಿಯನ್ನು ಅದೇ ತಂತಿಗೆ ಐದಾರು ಸುತ್ತು ಒತ್ತಾಗಿ ಸುತ್ತಿ, ಆಮೇಲೆ ಪುಲ್ಲರ್ ನಿಧಾನವಾಗಿ ಬಿಡಿ. ನಡುವಿನ ಕಂಬಗಳಲ್ಲಿ ತಂತಿ ಮೇಲೆ ಕೆಳಗೆ ಜಾರಬಾರದು, ಉದ್ದಕ್ಕೆ ಮಾತ್ರ ಸ್ವಲ್ಪ ಜರುಗಲು ಬಿಡಬೇಕು. ಆಗ ದನ ಒತ್ತಿದ ಭಾರ ಪೂರ್ತಿ ಸಾಲಿಗೆ ಹಂಚುತ್ತದೆ, ಮುಂದೆ ಬಿಗಿ ಮಾಡುವುದೂ ಸುಲಭ. ಮರದ ಕಂಬಕ್ಕೆ ಯು ಮೊಳೆ ಹೊಡೆಯುವಾಗ ಪೂರ್ತಿ ಒಳಗೆ ಹೊಡೆಯಬೇಡಿ.

ಮಲೆನಾಡಿನಲ್ಲಿ ಗ್ಲಿರಿಸಿಡಿಯಾ, ಹಾಲುವಾಣದ ಜೀವಂತ ಕಂಬ ಬಳಸುತ್ತಾರೆ. ಮರ ಬೆಳೆದಂತೆ ತಂತಿಯನ್ನು ನುಂಗುತ್ತದೆ, ಆಮೇಲೆ ಬಿಗಿ ಮಾಡಲು ಬರುವುದೇ ಇಲ್ಲ. ಮರಕ್ಕೆ ಮೊದಲು ಒಂದು ಮರದ ಪಟ್ಟಿ ಹೊಡೆದು, ತಂತಿಯನ್ನು ಆ ಪಟ್ಟಿಗೆ ಮೊಳೆಯಿಂದ ಕೂರಿಸಿ.

"ನಡುವೆ ತುಂಡಾದ ತಂತಿಗೆ ಯಾವ ಗಂಟು?"

ಎರಡೂ ತುದಿಯಲ್ಲಿ ಕುಣಿಕೆ ಮಾಡಿ, ಒಂದರೊಳಗೆ ಒಂದು ಪೋಣಿಸಿ. ಪ್ರತಿ ತುದಿಯನ್ನೂ ತನ್ನದೇ ತಂತಿಗೆ ಐದು ಸುತ್ತು ಸುತ್ತಿ. ಸುಮ್ನೆ ಎರಡು ತುದಿ ಸೇರಿಸಿ ತಿರುಚಿದರೆ ಎಳೆದಾಗ ಬಿಚ್ಚುತ್ತದೆ. ಹಳೆ ತಂತಿ ಗಿಡ್ಡವಾಗಿದ್ದರೆ ನಡುವೆ ಹೊಸ ತುಂಡು ಸೇರಿಸಿ, ಜಗ್ಗಿ ಮುಟ್ಟಿಸಲು ಹೋಗಬೇಡಿ.

## ತೊಡಕಿನ ಪ್ರಶ್ನೆಗಳು

"ಬೇಸಿಗೇಲಿ ಎಳೆದಿದ್ದು ಚಳಿಗಾಲದಲ್ಲಿ ತುಂಡಾಯ್ತು. ತಂತಿ ಕಳಪೆ ಇರಬೇಕು ಅಲ್ವಾ?"

ಹಾಗೇ ಅಂತ ಹೇಳಲಾಗದು. ಉಕ್ಕು ಚಳಿಗೆ ಕುಗ್ಗುತ್ತದೆ. 100 ಮೀಟರ್ ತಂತಿ 20 ಡಿಗ್ರಿ ತಣ್ಣಗಾದರೆ 24 ಮಿ.ಮೀ. ಗಿಡ್ಡವಾಗಬೇಕು. ಎರಡು ಕಡೆ ಕಟ್ಟಿರುವುದರಿಂದ ಗಿಡ್ಡವಾಗಲು ಆಗದು, ಬದಲಿಗೆ ಎಳೆತ ಏರುತ್ತದೆ. 2.5 ಮಿ.ಮೀ. ಎರಡೆಳೆ ತಂತಿಗೆ ಕಂಬ ಜರುಗದಿದ್ದರೆ ಲೆಕ್ಕದ ಪ್ರಕಾರ 45ರಿಂದ 50 ಕೆಜಿ ಹೆಚ್ಚಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಬೇಸಿಗೆ ಮಧ್ಯಾಹ್ನ 40 ಡಿಗ್ರಿ, ಚಳಿಗಾಲದ ನಸುಕಿನಲ್ಲಿ 12 ಡಿಗ್ರಿ ಇರುವುದು ಅಪರೂಪವಲ್ಲ. ಆಗ 65 ಕೆಜಿ ಮೇಲೆ ಹೋಗುತ್ತದೆ. ಮೊದಲೇ ಜಾಸ್ತಿ ಎಳೆದಿದ್ದರೆ, ಎಲ್ಲಾದರೂ ಮಡಿಕೆ ಇದ್ದರೆ, ಅಲ್ಲಿ ಮುರಿಯುತ್ತದೆ. ಉರಿಬಿಸಿಲಿನಲ್ಲಿ ಎಳೆಯುವವರು 70 ಕೆಜಿ ಹತ್ತಿರ ನಿಲ್ಲಿಸಿ. ಬೆಳಗಿನ ತಂಪಿನಲ್ಲಿ ಎಳೆದದ್ದು ಮಧ್ಯಾಹ್ನ ಸ್ವಲ್ಪ ಸಡಿಲ ಕಂಡರೆ ಗಾಬರಿಯಾಗಬೇಡಿ.

"ನಮ್ದು ಎರೆ ಹೊಲ. ಪ್ರತಿ ವರ್ಷ ಬೇಲಿ ಸಡಿಲ ಆಗುತ್ತೆ."

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕಂಬದ ಸುತ್ತ ಜಾಗ ಮಾಡುತ್ತದೆ. ಕಂಬ ಅಲ್ಲಾಡುತ್ತದೆ, ತಂತಿ ಸಡಿಲವಾಗುತ್ತದೆ. ಗದಗ, ವಿಜಯಪುರದ ಕಡೆಯವರಿಗೆ ಇದು ಗೊತ್ತಿರುವ ಕಥೆ. ಬಿರುಕಿನ ಆಳ ದಾಟುವಷ್ಟು ಕೆಳಗೆ ಗುಂಡಿ ತೋಡಿ, ತೆಗೆದ ಎರೆ ಮಣ್ಣನ್ನೇ ಮತ್ತೆ ತುಂಬದೆ ಗರಸು, ಜಲ್ಲಿ ತುಂಬಿ ಗುದ್ದಿ. ಇಂಥ ಹೊಲದಲ್ಲಿ ಟರ್ನ್ ಬಕಲ್ ಹಾಕಿದ್ದು ದಂಡವಾಗುವುದಿಲ್ಲ. ಮುಂಗಾರಿಗೆ ಮೊದಲು ಒಮ್ಮೆ, ಸುಗ್ಗಿ ಆದ ಮೇಲೆ ಒಮ್ಮೆ ತಿರುಗಿಸಿ ನೋಡಿ.

"ಹಳ್ಳ ದಾಟೋ ಕಡೆ ತಂತಿ ಎಳೆದ್ರೆ ನಡುವಿನ ಕಂಬಾನೇ ಮೇಲೆ ಏಳುತ್ತೆ."

ತಗ್ಗಿನಲ್ಲಿ ಬಿಗಿ ತಂತಿ ನೇರವಾಗಲು ನೋಡುತ್ತದೆ, ಕಂಬವನ್ನು ಕೀಳುತ್ತದೆ. ಹಳ್ಳದ ಎರಡೂ ದಡದಲ್ಲಿ ಸಪೋರ್ಟ್ ಇರುವ ಕಂಬ ನಿಲ್ಲಿಸಿ ಮುಖ್ಯ ಬೇಲಿಯನ್ನು ಅಲ್ಲಿಗೆ ಮುಗಿಸಿ. ತಗ್ಗಿಗೆ ಬೇರೆಯದೇ ತುಂಡು ಬೇಲಿ ಕಟ್ಟಿ, ಎಳೆತ ಕಡಿಮೆ ಇರಲಿ. ಪ್ರವಾಹ ಬಂದು ಕಸ ಸಿಕ್ಕಿಕೊಂಡಾಗ ಆ ತುಂಡು ಮಾತ್ರ ಹೋಗುತ್ತದೆ, ಇಡೀ ಸಾಲು ಉಳಿಯುತ್ತದೆ.

"ಹತ್ತು ಹದಿನೈದು ವರ್ಷದ ಬೇಲಿ. ಮತ್ತೆ ಎಳೆದು ಕಟ್ಟಬಹುದಾ?"

ಮೊದಲು ಮಡಿಸಿ ನೋಡಿ. ಒಂದು ತುದಿಯನ್ನು ಹಿಂದೆ ಮುಂದೆ ಎರಡು ಮೂರು ಸಲ ಬಗ್ಗಿಸಿ. ಪುಡಿ ಉದುರಿದರೆ, ಮುರಿದರೆ, ಅದನ್ನು ಎಳೆಯುವ ಆಸೆ ಬಿಡಿ. ಚೆನ್ನಾಗಿದ್ದರೆ ಒಂದು ಕೊನೆ ಬಿಚ್ಚಿ, ನಡುವಿನ ಕಟ್ಟುಗಳನ್ನೆಲ್ಲ ಸಡಿಲಿಸಿ, ಹೊಸ ತಂತಿಯ ಅರ್ಧದಷ್ಟೇ ಎಳೆಯಿರಿ. ಇಕ್ಕಳದಿಂದ ತಂತಿಗೆ ಅಲ್ಲಲ್ಲಿ ಮಡಿಕೆ ಹಾಕಿ ಬಿಗಿ ತರುವ ಪದ್ಧತಿಯೂ ಇದೆ. ತುರ್ತಿಗೆ ಸರಿ. ಮಡಿಕೆಯ ಜಾಗ ದುರ್ಬಲವಾಗುತ್ತದೆ, ಹಳೆ ತಂತಿಗೆ ಬೇಡ.

"ಕಾಡುಹಂದಿ ನುಗ್ಗುತ್ತೆ. ಕೆಳಗಿನ ಸಾಲು ಇನ್ನೂ ಬಿಗಿ ಮಾಡಿದ್ರೆ ನಿಲ್ಲುತ್ತಾ?"

ಹಂದಿ ಮೂತಿಯಿಂದ ಮಣ್ಣು ಕೆದರಿ ಅಡಿಯಿಂದ ಬರುತ್ತದೆ. ಮುಳ್ಳುತಂತಿಯ ಬಿಗಿ ಒಂದರಿಂದಲೇ ಅದನ್ನು ನಿಲ್ಲಿಸಲು ಆಗದು. ಕೆಳಗಿನ ಎರಡು ಅಡಿಗೆ ಚೈನ್‌ಲಿಂಕ್ ಜಾಲರಿ ಹಾಕಿ, ಅದರ ಅಂಚನ್ನು ಮಣ್ಣಲ್ಲಿ ಹೂಳಿ. ಆನೆಗಂತೂ ಮುಳ್ಳುತಂತಿ ಲೆಕ್ಕಕ್ಕೇ ಇಲ್ಲ. ಕೊಡಗು, ಹಾಸನದ ಗಡಿ ಊರುಗಳಲ್ಲಿ ಸೋಲಾರ್ ಬೇಲಿ ಕಡೆ ಹೋಗಿದ್ದು ಅದಕ್ಕೇ.

"ಇದೇ ಮುಳ್ಳುತಂತಿಗೆ ಕರೆಂಟ್ ಕೊಟ್ರೆ?"

ಮನೆ, ಪಂಪ್‌ಸೆಟ್ ಲೈನಿನಿಂದ ಬೇಲಿಗೆ ಕರೆಂಟ್ ಕೊಡುವುದು ಅಪರಾಧ. ಹೀಗೆ ಕೊಟ್ಟ ಬೇಲಿ ತಗುಲಿ ಪಕ್ಕದ ಹೊಲದವರು, ಸ್ವಂತ ಮನೆಯವರೇ ಸತ್ತದ್ದಿದೆ. ಸೋಲಾರ್ ಬೇಲಿಯ ಝಟ್ಕಾ ಯಂತ್ರವನ್ನೂ ಮುಳ್ಳುತಂತಿಗೆ ಜೋಡಿಸಬೇಡಿ. ಸಾದಾ ತಂತಿಯಾದರೆ ಶಾಕ್ ತಗುಲಿದ ಪ್ರಾಣಿ ಹಿಂದೆ ಹಾರುತ್ತದೆ, ಮುಳ್ಳಿಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲಾರದೆ ಮತ್ತೆ ಮತ್ತೆ ಶಾಕ್ ತಿನ್ನುತ್ತದೆ. ಸೋಲಾರ್ ಬೇಕಿದ್ದರೆ ಅದಕ್ಕೆ ಬೇರೆ ಸಾದಾ ತಂತಿ, ಬೇರೆ ಇನ್ಸುಲೇಟರ್ ಹಾಕಿ.

ಗುಡುಗು ಸಿಡಿಲಿನ ಹೊತ್ತಿನಲ್ಲಿ ತಂತಿ ಕೆಲಸ ನಿಲ್ಲಿಸಿ ದೂರ ಹೋಗಿ. ಗಾಳಿ ಮಳೆಗೆ ವಿದ್ಯುತ್ ತಂತಿ ಹರಿದು ಬೇಲಿ ಮೇಲೆ ಬಿದ್ದಿದ್ದರೆ, ಎಷ್ಟೇ ದೂರದ ತುದಿಯಾದರೂ ಆ ಬೇಲಿ ಮುಟ್ಟಬೇಡಿ, ದನಗಳನ್ನು ಅತ್ತ ಬಿಡಬೇಡಿ. 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ಆಫ್ ಆಗಿದೆ ಎಂದ ಮೇಲೆಯೇ ಹತ್ತಿರ ಹೋಗಿ.